ಅಮೆರಿಕದ ಫೋಟೋಗ್ರಾಫರ್ ಟಿಮೊಥಿ ಓ'ಸುಲಿವನ್ ಯುದ್ಧದ ಫೋಟೋಗಳನ್ನು ಮಾತ್ರ ತೆಗೆದವರಾ?

ಇಲ್ಲ. 1863ರಲ್ಲಿ, ಅಮೆರಿಕದ ಅಂತರ್ಯುದ್ಧದ ಗೆಟ್ಟಿಸ್‌ಬರ್ಗ್ ರಣರಂಗದಲ್ಲಿ ಸತ್ತು ಬಿದ್ದ ಸೈನಿಕರ ಫೋಟೋದಿಂದ ಅವರಿಗೆ ಹೆಸರು ಬಂತು, ನಿಜ. ಆದರೆ 1867ರಿಂದ ಅವರು ಸರ್ಕಾರಿ ಸರ್ವೆ ತಂಡಗಳ ಜೊತೆ ಅಮೆರಿಕದ ಪಶ್ಚಿಮ ಭಾಗ ಸುತ್ತಿದರು. ನೆವಾಡದ ಗಣಿಯೊಳಗೆ ಇಳಿದು, ಮೆಗ್ನೀಸಿಯಂ ಉರಿಸಿದ ಬೆಳಕಿನಲ್ಲಿ ಕಾರ್ಮಿಕರ ಫೋಟೋ ತೆಗೆದರು. ಆಗ ಗಾಜಿನ ಪ್ಲೇಟಿಗೆ ರಾಸಾಯನಿಕ ಬಳಿದು, ಅದು ಒಣಗುವ ಮೊದಲೇ ಫೋಟೋ ತೆಗೆದು ತೊಳೆಯಬೇಕಿತ್ತು. ಮರುಭೂಮಿಯ ಬಿಸಿಲಲ್ಲಿ ಎಷ್ಟು ಕಷ್ಟ ಅಲ್ವಾ? ಅದಕ್ಕೇ ಡಾರ್ಕ್‌ರೂಮನ್ನು ಗಾಡಿಯಲ್ಲೇ ಒಯ್ಯುತ್ತಿದ್ದರು. 1870ರಲ್ಲಿ, ಕಾಲುವೆಗೆ ದಾರಿ ಹುಡುಕುವ ತಂಡದ ಜೊತೆ ಪನಾಮಾಕ್ಕೂ ಹೋದರು.

ನನಗೆ ಜಾಸ್ತಿ ಇಷ್ಟ 1873ರಲ್ಲಿ ಅರಿಜೋನಾದ ಕ್ಯಾನ್ಯನ್ ಡಿ ಶೇ ಕಣಿವೆಯಲ್ಲಿ ತೆಗೆದ ಫೋಟೋ. ಭಾರೀ ಬಂಡೆಗೋಡೆಯ ಮಡಿಲಲ್ಲಿ ಅಲ್ಲಿನ ಮೂಲನಿವಾಸಿ ಪ್ಯೂಬ್ಲೊ ಜನರ ಹಳೇ ಪಾಳು ಮನೆಗಳು, ಅಲ್ಲೇ ಪುಟ್ಟದಾಗಿ ಕಾಣುವ ಮನುಷ್ಯರು. ಬಂಡೆ ಎಷ್ಟು ದೊಡ್ಡದೆಂದು ತಿಳಿಯುವುದು ಅವರಿಂದಲೇ.