ಗಿಟ್ ಮ್ಯಾನ್ಯುಯಲ್ ಪುಟಗಳನ್ನು ಸುಧಾರಿಸಲು ಎಲ್ಲಿಂದ ಶುರು ಮಾಡಬೇಕು?

ಫೈಲುಗಳ ಬದಲಾವಣೆಯ ಇತಿಹಾಸ ಕಾಪಾಡುವ ಗಿಟ್ ದಿನಾ ಬಳಸುತ್ತೀರಿ, ಅದನ್ನು ಬರೆದಿರುವ ಸಿ ಭಾಷೆ ಬರುವುದಿಲ್ಲ, ಆದರೂ ಅದರ ಮ್ಯಾನ್ಯುಯಲ್ ಪುಟಗಳನ್ನು ಸರಿಪಡಿಸುವ ಆಸೆಯಿದೆ, ಹೇಗೆ ಶುರು ಮಾಡಲಿ ಅಂತ ಕೇಳಿದ್ದೀರಿ. ಸಿ ಬರದಿದ್ದರೆ ಏನೂ ತೊಂದರೆ ಇಲ್ಲ. ಆ ಪುಟಗಳೆಲ್ಲ ಗಿಟ್ ಸೋರ್ಸ್‌ನ 'ಡಾಕ್ಯುಮೆಂಟೇಶನ್' ಫೋಲ್ಡರ್‌ನಲ್ಲಿ ಆಸ್ಕಿಡಾಕ್ ಎಂಬ ಸರಳ ಗುರುತುಗಳ ಬರವಣಿಗೆಯ ರೂಪದಲ್ಲಿವೆ. ಸಾದಾ ಟೆಕ್ಸ್ಟ್ ಫೈಲುಗಳು, ಯಾವ ಎಡಿಟರ್‌ನಲ್ಲಾದರೂ ತಿದ್ದಬಹುದು.

ಆದರೆ ಭಾಷೆ ಚೆಂದ ಮಾಡೋಣ ಅಂತ ಮಾತ್ರ ಹೊರಡಬೇಡಿ. ಮ್ಯಾನ್ಯುಯಲ್ ತೆರೆಯುವ ಎಷ್ಟೋ ಜನರ ತಲೆಯಲ್ಲಿ ಒಂದೇ ಪ್ರಶ್ನೆ ಇರುತ್ತದೆ: ಈ ಕಮಾಂಡ್ ಕೊಟ್ಟರೆ ನನ್ನ ಕೆಲಸ ಹೋಗಿಬಿಡುತ್ತದಾ? ಹೋದರೆ ವಾಪಸ್ ಸಿಗುತ್ತದಾ? ಇದಕ್ಕೆ ನೇರ ಉತ್ತರ ಇಲ್ಲದ ಜಾಗ ಹುಡುಕಿ. ನಿಮ್ಮ ಕೆಲಸ ಅಲ್ಲಿದೆ.

'ಗಿಟ್ ರಿಸೆಟ್ --ಹಾರ್ಡ್' ತೆಗೆದುಕೊಳ್ಳಿ. ಟ್ರ್ಯಾಕ್ ಆಗಿರುವ, ಅಂದರೆ ಗಿಟ್ ಗಮನದಲ್ಲಿಟ್ಟಿರುವ ಫೈಲುಗಳಲ್ಲಿನ ಬದಲಾವಣೆ ಅಳಿಸಿಹೋಗುತ್ತದೆ ಎಂದಷ್ಟೇ ಹೇಳಿದರೆ ಅದು ನಿಜ, ಆದರೆ ಗಾಬರಿಯಲ್ಲಿರುವವರಿಗೆ ಸಾಲದು. ಯಾಕೆಂದರೆ ಎಲ್ಲಾ ಕೆಲಸಕ್ಕೂ ಒಂದೇ ಗತಿ ಆಗುವುದಿಲ್ಲ. ಕಮಿಟ್ ಮಾಡಿದ್ದರೆ, ಅಂದರೆ ಇತಿಹಾಸಕ್ಕೆ ಸೇರಿಸಿದ್ದರೆ, ರಿಫ್ಲಾಗ್‌ನಲ್ಲಿ (ನಿಮ್ಮ ಬ್ರಾಂಚ್‌ಗಳು ಹಿಂದೆ ಎಲ್ಲೆಲ್ಲಿದ್ದವು ಎಂಬ ಗಿಟ್‌ನ ದಾಖಲೆ) ಸಿಗುತ್ತದೆ. ಯಾವ ಬ್ರಾಂಚ್‌ನಿಂದಲೂ ತಲುಪಲಾಗದ ಕಮಿಟ್‌ನ ದಾಖಲೆಯನ್ನೂ ಅಲ್ಲಿ ಸಾಮಾನ್ಯವಾಗಿ 30 ದಿನ ಇಟ್ಟಿರುತ್ತದೆ. ಕಮಿಟ್ ಮಾಡದೆ ಬರೀ 'ಗಿಟ್ ಆ್ಯಡ್' ಮಾಡಿ ಮುಂದಿನ ಕಮಿಟ್‌ಗೆ ಸಿದ್ಧಪಡಿಸಿದ್ದರೆ ಫೈಲಿನ ಹೆಸರು ಹೋಗಿರುತ್ತದೆ, ಒಳಗಿನ ವಿಷಯ ಸ್ವಲ್ಪ ಕಾಲ ಉಳಿದಿರುತ್ತದೆ. 'ಗಿಟ್ ಎಫ್‌ಎಸ್‌ಸಿಕೆ --ಲಾಸ್ಟ್-ಫೌಂಡ್' ಅದನ್ನು ಹೊರಗೆ ತೆಗೆದುಕೊಡುತ್ತದೆ. ಎರಡೂ ಮಾಡಿಲ್ಲ ಅಂದರೆ ಗಿಟ್ ಹತ್ತಿರ ಅದರ ಪ್ರತಿಯೇ ಇಲ್ಲ. ಇಷ್ಟನ್ನು ನಾಲ್ಕು ಸಾಲಿನಲ್ಲಿ, ಆ ಆಯ್ಕೆಯ ಪಕ್ಕದಲ್ಲೇ ಬರೆದರೆ ಎಷ್ಟೋ ಜನರ ಒಂದು ದಿನದ ಕೆಲಸ ಉಳಿಯುತ್ತದೆ.

ಕೆಲವು ಕಡೆ ಉತ್ತರ ಇದ್ದೇ ಇರುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ರಿಬೇಸ್ ಮಾಡುವಾಗ, ಅಂದರೆ ನಿಮ್ಮ ಕಮಿಟ್‌ಗಳನ್ನು ಇನ್ನೊಂದು ಬ್ರಾಂಚ್ ಮೇಲೆ ಮತ್ತೆ ಹಾಕುವಾಗ, ಕಾನ್‌ಫ್ಲಿಕ್ಟ್ (ಒಂದೇ ಜಾಗದಲ್ಲಿ ಎರಡು ಕಡೆಯ ಬದಲಾವಣೆ ತಾಳೆಯಾಗದಿರುವುದು) ಬಂತು ಅನ್ನಿ. ಯಾವ ಕಡೆಯದನ್ನು ಉಳಿಸಬೇಕು ಅಂತ ಹೇಳುವ ಆಯ್ಕೆಗಳಲ್ಲಿ '--ಅವರ್ಸ್' ಅಂದರೆ ನನ್ನದು ಅಂತ ಯಾರಾದರೂ ಅಂದುಕೊಳ್ಳುತ್ತಾರೆ, ಅಲ್ವಾ? ರಿಬೇಸ್‌ನಲ್ಲಿ ಅದು ತಿರುಗಾಮುರುಗಾ. ಗಿಟ್ ಮೊದಲು ಆ ಇನ್ನೊಂದು ಬ್ರಾಂಚ್ ಮೇಲೆ ಹೋಗಿ ನಿಲ್ಲುತ್ತದೆ, ಆಮೇಲೆ ನಿಮ್ಮ ಕಮಿಟ್‌ಗಳನ್ನು ಒಂದೊಂದಾಗಿ ಅದರ ಮೇಲೆ ಹಾಕುತ್ತದೆ. ಹಾಗಾಗಿ 'ಅವರ್ಸ್' ಅಂದರೆ ಆ ಕಡೆಯದು, 'ದೇರ್ಸ್' ಅಂದರೆ ನಿಮ್ಮದು. ಮ್ಯಾನ್ಯುಯಲ್‌ನಲ್ಲಿ ಇದು ಇದೆ. ಉದ್ದನೆಯ ಪುಟದಲ್ಲಿ, ಆಯ್ಕೆಗಳ ವಿವರಣೆಯ ನಡುವೆ. ಕಾನ್‌ಫ್ಲಿಕ್ಟ್ ಮಧ್ಯೆ ಸಿಕ್ಕಿಕೊಂಡವರು ಅಲ್ಲಿವರೆಗೆ ಓದುವುದು ಕಷ್ಟ. ಇಂಥ ಸಾಲನ್ನು ಅವರು ಮೊದಲು ನೋಡುವ ಜಾಗಕ್ಕೆ ತರುವುದು ಹೊಸದಾಗಿ ಬರೆಯುವುದಕ್ಕಿಂತ ದೊಡ್ಡ ಉಪಕಾರ ಅಂತ ನಾನು ನಂಬುತ್ತೇನೆ.

ಇನ್ನು ಕೆಲವು ಪುಟಗಳನ್ನು ಎಷ್ಟು ತಿದ್ದಿದರೂ ಸರಿಹೋಗುವುದಿಲ್ಲ, ಯಾಕೆಂದರೆ ಗೊಂದಲ ಕಮಾಂಡ್‌ನಲ್ಲೇ ಇರುತ್ತದೆ. 'ಗಿಟ್ ಚೆಕ್‌ಔಟ್' ಬ್ರಾಂಚ್ ಬದಲಿಸುವುದನ್ನೂ ಮಾಡುತ್ತದೆ, ಫೈಲನ್ನು ಹಳೆಯ ಸ್ಥಿತಿಗೆ ತರುವುದನ್ನೂ ಮಾಡುತ್ತದೆ. 2019ರಲ್ಲಿ 2.23 ಆವೃತ್ತಿಯಲ್ಲಿ 'ಸ್ವಿಚ್' ಮತ್ತು 'ರಿಸ್ಟೋರ್' ಬಂದು ಆ ಎರಡು ಕೆಲಸ ಬೇರೆಯಾದವು. ಬರೆಯುವಾಗ ನಿಮಗೂ ಇಂಥದ್ದು ಸಿಕ್ಕರೆ ಸುಮ್ನೆ ಬಿಡಬೇಡಿ, ಹೇಳಿ.

ಬರೆದದ್ದನ್ನು ಕಳಿಸುವ ಮೊದಲು ಗಿಟ್ ಅಷ್ಟಾಗಿ ಗೊತ್ತಿಲ್ಲದ ಒಬ್ಬರಿಗೆ ಕೊಡಿ. ಪಕ್ಕದಲ್ಲಿ ಕೂತು ವಿವರಿಸಬೇಡಿ. ಸುಮ್ಮನೆ ಪ್ರಯೋಗಕ್ಕೆ ಒಂದು ರಿಪಾಸಿಟರಿ (ಗಿಟ್ ನೋಡಿಕೊಳ್ಳುವ ಫೋಲ್ಡರ್) ಮಾಡಿ, ಕಮಾಂಡ್ ಕೊಡುವ ಮುಂಚೆ ಏನಾಗುತ್ತದೆ ಹೇಳಿ ಅಂತ ಕೇಳಿ. ಅವರು ಎಲ್ಲಿ ತಡವರಿಸುತ್ತಾರೋ ಆ ವಾಕ್ಯವನ್ನು ಮತ್ತೆ ಬರೆಯಿರಿ.

ಕಳಿಸುವ ವಿಧಾನ 'ಸಬ್ಮಿಟಿಂಗ್‌ಪ್ಯಾಚಸ್' ಎಂಬ ಫೈಲಿನಲ್ಲಿದೆ, ಓದಿಕೊಳ್ಳಿ. ಗಿಟ್ ಪ್ಯಾಚ್‌ಗಳು, ಅಂದರೆ ನೀವು ಮಾಡಿದ ಬದಲಾವಣೆಗಳು, ಇಮೇಲ್‌ನಲ್ಲಿ ಹೋಗುತ್ತವೆ. ಅದು ಕಷ್ಟ ಅನ್ನಿಸಿದರೆ ಗಿಟ್‌ಗಿಟ್‌ಗ್ಯಾಜೆಟ್ ಇದೆ. ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ತೆರೆದು ಅಲ್ಲಿ '/submit' ಅಂತ ಕಾಮೆಂಟ್ ಹಾಕಿದರೆ ಅದೇ ಇಮೇಲ್ ಮಾಡಿ ಕಳಿಸುತ್ತದೆ. 'ಗಿಟ್ ಕಮಿಟ್ -ಎಸ್' ಕೊಟ್ಟು ನಿಮ್ಮ ಸಹಿಯ ಸಾಲು ಸೇರಿಸುವುದು ಕಡ್ಡಾಯ. ಮೊದಲ ಪ್ಯಾಚ್ ಚಿಕ್ಕದಿರಲಿ, ಒಂದೇ ಪುಟ, ಒಂದೇ ವಿಷಯ. ಕಮಿಟ್ ಸಂದೇಶದಲ್ಲಿ ಏನು ಬದಲಿಸಿದಿರಿ ಅನ್ನುವುದಕ್ಕಿಂತ ಜಾಸ್ತಿ, ಹಳೆಯ ವಾಕ್ಯ ಓದಿದವರು ಏನು ತಪ್ಪು ತಿಳಿಯುತ್ತಿದ್ದರು ಅಂತ ಬರೆಯಿರಿ. ಪರಿಶೀಲಿಸುವವರಿಗೆ ಗಿಟ್ ಚೆನ್ನಾಗಿ ಗೊತ್ತು, ಹಾಗಾಗಿ ಆ ತಪ್ಪು ಅವರಿಗೆ ತಾನಾಗಿ ಹೊಳೆಯುವುದಿಲ್ಲ.