ಕಂಪ್ಯೂಟರಿನ ಲಿಕ್ವಿಡ್ ಕೂಲರ್ (ದ್ರವ ಹರಿಸಿ ತಂಪು ಮಾಡುವ ಸಾಧನ) ಗುಳುಗುಳು ಅನ್ನುತ್ತಿದೆ, ಅದರ ಮುಖ್ಯ ಚಿಪ್ ಆದ ಸಿಪಿಯು 90 ಡಿಗ್ರಿ ಮುಟ್ಟುತ್ತಿದೆ. ಗದಗಿನ ಮನೆಯಲ್ಲೇ ಸರಿಮಾಡುವುದು ಹೇಗೆ?

ಆ ಸದ್ದು ಸಿಪಿಯು ಮೇಲೆ ಕೂತು ದ್ರವ ಓಡಿಸುವ ಪಂಪಿನೊಳಗೆ ಸೇರಿದ ಗಾಳಿಯದು. ಸೀಲ್ ಆದ ಕೂಲರಿನಲ್ಲೂ ತುಸು ಗಾಳಿ ಇದ್ದೇ ಇರುತ್ತದೆ, ಅದು ಎತ್ತರದ ಜಾಗಕ್ಕೆ ಏರುತ್ತದೆ. ಆ ಜಾಗ ರೇಡಿಯೇಟರ್ (ಫ್ಯಾನ್ ಗಾಳಿಗೆ ದ್ರವ ತಣಿಯುವ ಭಾಗ) ಆಗಬೇಕು, ಪಂಪ್ ಆಗಬಾರದು. ರೇಡಿಯೇಟರನ್ನು ಕೇಸಿನ ಮೇಲ್ಭಾಗಕ್ಕೆ ಹಾಕಿ. ಮುಂದೆಯೇ ಕೂರಿಸುವುದಾದರೆ ಪೈಪು ಸೇರುವ ತುದಿ ಕೆಳಗಿರಲಿ, ರೇಡಿಯೇಟರಿನ ತಲೆ ಪಂಪಿಗಿಂತ ಮೇಲಿರಲಿ. ಬಯೋಸ್‌ನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆ) ಪಂಪಿನ ವೇಗ 100% ಇಡಿ.

ಸದ್ದು ನಿಂತರೂ ಬಿಸಿ ಇಳಿಯದಿದ್ದರೆ ಧೂಳು ನೋಡಿ. ಗದಗಿನ ಗಾಳಿಗೆ ಅದು ಫ್ಯಾನ್ ಮತ್ತು ರೇಡಿಯೇಟರ್ ನಡುವೆ ಬೂದು ಕಂಬಳಿಯಂತೆ ಕೂತಿರುತ್ತದೆ. ಫ್ಯಾನ್ ಬಿಚ್ಚದೆ ಕಾಣುವುದೇ ಇಲ್ಲ. ಎರಡು ತಿಂಗಳಿಗೊಮ್ಮೆ ಬ್ಲೋವರ್ ಹಿಡಿಯಿರಿ, ರೆಕ್ಕೆ ತಿರುಗದಂತೆ ಬೆರಳಲ್ಲಿ ತಡೆದುಕೊಂಡು. ಪಂಪ್ ಬಿಚ್ಚಿದರೆ ಥರ್ಮಲ್ ಪೇಸ್ಟ್ (ಸಿಪಿಯು ಬಿಸಿಯನ್ನು ಕೂಲರಿಗೆ ದಾಟಿಸಲು ನಡುವೆ ಹಚ್ಚುವ ಲೇಪ) ಹೊಸದು ಹಾಕಿ, ಬಟಾಣಿ ಕಾಳಿನಷ್ಟು.

ಸೀಲ್ ಒಡೆದು ಬೋರಿನ ನೀರನ್ನಂತೂ ತುಂಬಲೇಬೇಡಿ. ಗಡಸು ನೀರಿನ ಸುಣ್ಣ ಸಿಪಿಯು ಮೇಲೆ ಕೂರುವ ತಾಮ್ರದ ಬ್ಲಾಕಿನ ಕೂದಲೆಳೆಯಂಥ ಸಂದುಗಳನ್ನು ಮುಚ್ಚಿಬಿಡುತ್ತದೆ.