ರೋಡ್ ಐಲೆಂಡಿಗೆ ಬರುತ್ತಿರುವವರಿಗೆ: ನ್ಯಾರಗ್ಯಾನ್ಸೆಟ್ ಜನರ ಬಗ್ಗೆ

ಕೆಲಸದ ನಿಮಿತ್ತ ಪ್ರಾವಿಡೆನ್ಸಿಗೆ ಬರುತ್ತಿರುವ ನೀವು ಬಾಡಿಗೆ, ಶಾಲೆ, ಚಳಿಗಾಲಗಳ ಜೊತೆಗೆ, ಇಲ್ಲಿನ ಕೊಲ್ಲಿಗೂ ಊರಿಗೂ ಹೆಸರು ಕೊಟ್ಟ, ಅಮೆರಿಕದ ಮೂಲನಿವಾಸಿಗಳಾದ ನ್ಯಾರಗ್ಯಾನ್ಸೆಟ್ ಜನ ಯಾರಾಗಿದ್ದರು ಎಂದೂ ಕೇಳಿದ್ದೀರಿ. ಉಳಿದುದನ್ನು ಯಾರಾದರೂ ಹೇಳಿಯಾರು. ನಾನು ಇದಕ್ಕೇ ಉತ್ತರಿಸುತ್ತೇನೆ. ಮೊದಲು ಒಂದು ತಿದ್ದುಪಡಿ: ಅವರು ಇಂದಿಗೂ ಇಲ್ಲಿಯೇ ಇದ್ದಾರೆ.

ಹಿಂದೆ ಅವರು ಬೇಸಿಗೆಯನ್ನು ಕಡಲಂಚಿನಲ್ಲಿ ಕಳೆದು, ಚಳಿ ಬಂದೊಡನೆ ಗಾಳಿಗೆ ಮರೆಯಾದ ಒಳನಾಡಿನ ಕಾಡಿಗೆ ಹೋಗುತ್ತಿದ್ದರು. ಬಾಗಿಸಿದ ಗಳುಗಳಿಗೆ ಚಾಪೆ, ತೊಗಟೆ ಹೊದಿಸಿದ ಮನೆಗಳಾದ್ದರಿಂದ ಚಾಪೆಗಳನ್ನು ಸುತ್ತಿಕೊಂಡು ಹೊರಟರಾಯಿತು. ಮೆಕ್ಕೆಜೋಳ, ಬೀನ್ಸ್, ಕುಂಬಳಗಳ ಬೇಸಾಯ ಹೆಚ್ಚಾಗಿ ಹೆಂಗಸರದು. ನೈಋತ್ಯ ದಿಕ್ಕಿನಲ್ಲಿರುವ ಕೌಟಾಂಟೋವಿಟ್ ದೇವರ ಹೊಲದಿಂದ ಕಾಗೆಯೇ ಮೊದಲ ಕಾಳುಗಳನ್ನು ತಂದಿತೆಂದು ನಂಬಿದ್ದರಿಂದ, ಬೆಳೆ ತಿಂದರೂ ಕಾಗೆಯನ್ನು ಕೊಲ್ಲುವವರು ವಿರಳ. ಪ್ರಯಾಣಕ್ಕೆ ಜೋಳವನ್ನು ಹುರಿದು ಪುಡಿಮಾಡಿ ಸೊಂಟಕ್ಕೆ ಕಟ್ಟಿಕೊಂಡು, ಹಸಿವಾದಾಗ ನೀರಿನಲ್ಲಿ ಕಲಸಿ ತಿನ್ನುತ್ತಿದ್ದರು. ನಮ್ಮ ಹುರಿಹಿಟ್ಟನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಿಲ್ಲ.

ಇಲ್ಲಿನ ಮೀನಂಗಡಿಯಲ್ಲಿ ಕ್ವಾಹಾಗ್ ಎಂಬ ಹೆಸರು ಕಂಡರೆ, ಅದು ಅವರ ಭಾಷೆಯಿಂದಲೇ ಬಂದದ್ದೆಂದು ನೆನಪಿಡಿ. ಅದು ಕರಾವಳಿಯಲ್ಲಿ ನಾವು ಮರುವಾಯಿ ಎನ್ನುವ ಚಿಪ್ಪಿನ ಬಳಗದ್ದೇ. ಒಡೆದು ನೋಡಿ: ಒಳಗೆಲ್ಲ ಬಿಳುಪು, ಅಂಚಿನಲ್ಲಿ ಮಾತ್ರ ನೇರಳೆ. ಆ ಕಿರಿದಾದ ನೇರಳೆ ಭಾಗವನ್ನು ಉಜ್ಜಿ, ತೂತು ಕೊರೆದು ಮಾಡಿದ ವ್ಯಾಂಪಮ್ ಮಣಿಗಳಿಗೆ ಬಿಳಿಯವಕ್ಕಿಂತ ಹೆಚ್ಚಿನ ಬೆಲೆಯಿತ್ತು.

ಮ್ಯಾಸಚೂಸೆಟ್ಸ್‌ನಿಂದ ಗಡೀಪಾರಾದ ಇಂಗ್ಲಿಷ್ ಪಾದ್ರಿ ರೋಜರ್ ವಿಲಿಯಮ್ಸ್‌ಗೆ 1636ರಲ್ಲಿ ಪ್ರಾವಿಡೆನ್ಸಿನ ನೆಲ ಕೊಟ್ಟವರು ಇವರ ಮುಖಂಡರಾದ ಕಾನಾನಿಕಸ್ ಮತ್ತು ಮಿಯಾಂಟೊನೋಮಿ. ಆದರೆ 1675ರ ಡಿಸೆಂಬರ್ 19ರಂದು, ಇಂಗ್ಲಿಷ್ ವಸಾಹತುಗಾರರೊಡನೆ ನಡೆಯುತ್ತಿದ್ದ ಯುದ್ಧದಿಂದ ತಪ್ಪಿಸಿಕೊಂಡು ಬಂದ ನೆರೆಯ ವಾಂಪನೋಗ್ ಬುಡಕಟ್ಟಿನ ಜನರಿಗೆ ಇವರು ಆಶ್ರಯ ನೀಡಿದ್ದಾರೆಂಬ ಕಾರಣಕ್ಕೆ, ಪಕ್ಕದ ವಸಾಹತುಗಳ ಸೈನ್ಯವು ಹೆಪ್ಪುಗಟ್ಟಿದ ಜೌಗು ದಾಟಿ ಬಂದು, ಇಂದಿನ ಸೌತ್ ಕಿಂಗ್‌ಸ್ಟೌನಿನ ಬಳಿಯಿದ್ದ ಅವರ ಕೋಟೆಗೆ ಬೆಂಕಿಯಿಟ್ಟಿತು. ಹೆಂಗಸರು, ಮಕ್ಕಳು, ಮುದುಕರು ಸೇರಿ ನೂರಾರು ಜನ ಸತ್ತರು. ಆ ಜಾಗದ ಬಗ್ಗೆ ಬರೆಯುವಾಗ ಈಗಲೂ ನನ್ನ ಮನಸ್ಸು ಭಾರವಾಗುತ್ತದೆ.

1880ರಲ್ಲಿ ರಾಜ್ಯ ಸರ್ಕಾರವು ಈ ಬುಡಕಟ್ಟು ಇಲ್ಲವೇ ಇಲ್ಲವೆಂದು ಕಾನೂನು ಮಾಡಿ ಅವರ ಭೂಮಿಯನ್ನು ಮಾರಿತು. ಅವರು ಮಾತ್ರ ಚದುರದೆ, ಚಾರ್ಲ್ಸ್‌ಟೌನಿನ ತಮ್ಮ ಕಲ್ಲಿನ ಚರ್ಚನ್ನು ಉಳಿಸಿಕೊಂಡು, ನ್ಯಾಯಾಲಯಕ್ಕೆ ಹೋಗಿ, 1978ರ ಒಪ್ಪಂದದಲ್ಲಿ ಸುಮಾರು 1,800 ಎಕರೆ ಮರಳಿ ಪಡೆದರು. 1983ರಲ್ಲಿ ಅಮೆರಿಕದ ಕೇಂದ್ರ ಸರ್ಕಾರವೂ ಅವರಿಗೆ ಮಾನ್ಯತೆ ನೀಡಿತು.

ಆಗಸ್ಟಿನಲ್ಲಿ ಚಾರ್ಲ್ಸ್‌ಟೌನಿನಲ್ಲಿ ಅವರ ವಾರ್ಷಿಕ ಕೂಟ ನಡೆಯುತ್ತದೆ. ಕುಟುಂಬಸಮೇತರಾಗಿ ಹೋಗಿಬನ್ನಿ, ಫೋಟೋ ತೆಗೆಯುವ ಮೊದಲು ಕೇಳಿ. ದಾರಿಯ ಬದಿಯಲ್ಲಿ ಗಾರೆಯಿಲ್ಲದೆ ಕಲ್ಲಿನ ಮೇಲೆ ಕಲ್ಲು ಕೂರಿಸಿದ ಗೋಡೆಗಳು ಕಾಣುತ್ತವೆ. ಕಲ್ಲುಕೆಲಸ ಈ ಜನರ ಹೆಸರಾಂತ ಕಸುಬು.